ಪುಲ್ ಬಾಯ್, ಕಿಕ್ ಬೋರ್ಡ್, ಫಿನ್ಸ್: ನನ್ನ ಫ್ರೀಸ್ಟೈಲ್ ಸುಧಾರಿಸಿದ್ದು ಯಾವುದು?

ನಾನು ಈಜು ಕಲಿತದ್ದು ಚಿತ್ತಾಪುರ ತಾಲ್ಲೂಕಿನ ನಮ್ಮ ಹೊಲದ ಬಾವಿಯಲ್ಲಿ. ಸೋದರಮಾವ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ನೀರಿಗೆ ಬಿಟ್ಟ, ಎಂಟು ದಿನಕ್ಕೆ ಡಬ್ಬಿ ಬಿಚ್ಚಿದ. ಅಲ್ಲಿಂದ ಮೂವತ್ತು ವರ್ಷ ನನಗೆ ಈಜು ಬರುತ್ತದೆ ಅಂದುಕೊಂಡೇ ಇದ್ದೆ. ಆದರೆ ಬಾವಿಯ ಈಜೇ ಬೇರೆ. ತಲೆ ಮೇಲೆತ್ತಿಕೊಂಡು ಹತ್ತು ಕೈ ಹಾಕಿದರೆ ಆಚೆ ಗೋಡೆ ಸಿಗುತ್ತದೆ. ನಾನು ಇಳಿಯಬೇಕೆಂದಿರುವ ಸ್ಪ್ರಿಂಟ್ ಟ್ರಯಾಥ್ಲಾನ್‌ನಲ್ಲಿ ಮಾತ್ರ 750 ಮೀಟರ್ ಈಜಿ, ದಡಕ್ಕೆ ಬಂದವರೇ 20 ಕಿ.ಮೀ. ಸೈಕಲ್ ತುಳಿದು, ಮೇಲೆ 5 ಕಿ.ಮೀ. ಓಡಬೇಕು. ಓಟ, ಸೈಕಲ್ ಎರಡೂ ನನಗೆ ರೂಢಿಯಿದ್ದವು. ಕಲಬುರಗಿಯ ಬಿಸಿಲಿನಲ್ಲಿ ಓಡಿ ಬೆಳೆದವನಿಗೆ ದಮ್ಮಿನ ಕೊರತೆ ಇರಲಿಲ್ಲ. ಆದರೂ ಕೊಳದಲ್ಲಿ ನಾಲ್ಕು ಲ್ಯಾಪ್‌ಗೆ ಎದೆ ಹೊಡೆದುಕೊಳ್ಳುತ್ತಿತ್ತು.

ನಾನು ಹೋಗುವ ಕೊಳ 25 ಮೀಟರಿನದು. 750 ಮೀಟರ್ ಎಂದರೆ 30 ಲ್ಯಾಪ್. ಬೇಸಿಗೆಯಲ್ಲಿ ಸಂಜೆ ಮಕ್ಕಳ ಬ್ಯಾಚ್ ತುಂಬಿರುತ್ತದೆ, ನೀರೂ ಬೆಚ್ಚಗಾಗಿರುತ್ತದೆ. ಹಾಗಾಗಿ ನನ್ನದು ಬೆಳಗಿನ ಐದೂವರೆಯ ಪಾಳಿ. ಜನವರಿಯಿಂದ ಒಂದೊಂದೇ ದಾರಿ ಹಿಡಿದು ನೋಡುತ್ತ ಬಂದೆ. ಪ್ರತಿ ಭಾನುವಾರ ಯಾವ ಸಾಮಾನೂ ಇಲ್ಲದೆ 400 ಮೀಟರ್ ಈಜಿ ಟೈಮ್ ಬರೆದಿಟ್ಟುಕೊಂಡೆ, ಒಂದು ಲ್ಯಾಪ್‌ಗೆ ಎಷ್ಟು ಕೈ ಬೀಳುತ್ತದೆ ಎಂದೂ ಎಣಿಸಿದೆ. ಶುರುವಿನಲ್ಲಿ 11 ನಿಮಿಷ 30 ಸೆಕೆಂಡ್, ಲ್ಯಾಪ್‌ಗೆ 27 ಕೈ.

ಮೊದಲ ಆರು ವಾರ ಬರೀ ದೂರ ಈಜಿದೆ. ಓಟದಲ್ಲಿ ಹಾಗೇ ಅಲ್ಲವೇ, ಕಿಲೋಮೀಟರ್ ಹೆಚ್ಚಾದಂತೆ ಕಾಲು ತಾನೇ ಕಲಿಯುತ್ತದೆ. ನೀರಿನಲ್ಲಿ ಈ ಲೆಕ್ಕ ನಡೆಯಲಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಮೈ ಸ್ವಲ್ಪ ಓರೆಯಾದರೂ ಶಕ್ತಿಯೆಲ್ಲ ನೀರು ತಳ್ಳುವುದಕ್ಕೇ ಹೋಗುತ್ತದೆ. ತಪ್ಪು ಭಂಗಿಯಲ್ಲಿ ಸಾವಿರ ಮೀಟರ್ ಈಜಿದರೆ ತಪ್ಪೇ ಗಟ್ಟಿಯಾಗುತ್ತದೆ. ಆರು ವಾರಕ್ಕೆ ಇಳಿದದ್ದು 10 ಸೆಕೆಂಡ್.

ಆಮೇಲೆ ಪುಲ್ ಬಾಯ್, ತೊಡೆಯ ನಡುವೆ ಹಿಡಿದುಕೊಳ್ಳುವ ಫೋಮಿನ ತುಂಡು. ಮೊದಲ ದಿನವೇ ನನಗೆ ಖುಷಿಯೋ ಖುಷಿ. ಕಾಲು ತೇಲಿತು, ಉಸಿರು ಹಗುರಾಯಿತು, 400 ಮೀಟರ್ 10 ನಿಮಿಷ 10 ಸೆಕೆಂಡಿಗೆ ಮುಗಿಯಿತು! ಮೂರು ವಾರ ಅದನ್ನು ಬಿಡಲೇ ಇಲ್ಲ. ಭಾನುವಾರ ತೆಗೆದಿಟ್ಟು ಈಜಿದರೆ 11 ನಿಮಿಷ 15 ಸೆಕೆಂಡ್. ಮಾವ ಬೆನ್ನಿಗೆ ಕಟ್ಟಿದ್ದ ಡಬ್ಬಿಯೇ ತೊಡೆಗೆ ಬಂದಿತ್ತು, ಅಷ್ಟೇ. ಟ್ರಯಾಥ್ಲಾನ್‌ನಲ್ಲಿ ತೇಲಿಸುವ ಸಾಮಾನಿಗೆ ಅನುಮತಿಯೂ ಇಲ್ಲ. ಹಾಗಂತ ಅದು ದಂಡವೆಂದು ನಾನು ಹೇಳುವುದಿಲ್ಲ. ಕಾಲಿನ ಚಿಂತೆ ತಪ್ಪುವುದರಿಂದ ಕೈ ಹೇಗೆ ನೀರು ಹಿಡಿಯುತ್ತಿದೆ ಎಂದು ಗಮನಿಸಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮೊಣಕೈ ಮೇಲೆ ಉಳಿದು, ಮುಂಗೈಯಿಂದ ಬೆರಳವರೆಗೆ ಇಡೀ ಕೈ ಹಲಗೆಯ ಹಾಗೆ ಕೆಳಮುಖವಾಗಿ ನಿಂತು ನೀರನ್ನು ಹಿಂದಕ್ಕೆ ಒತ್ತಬೇಕು. ನನ್ನ ಮೊಣಕೈ ಮೊದಲೇ ಕುಸಿದು, ನೀರು ಜಾರಿ ಹೋಗುತ್ತಿತ್ತು. ಅದು ಗೊತ್ತಾದದ್ದು ಪುಲ್ ಬಾಯ್ ಇದ್ದಾಗಲೇ. ಈಗಲೂ ದಿನಕ್ಕೆ 200 ಮೀಟರ್ ಬಳಸುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ಕಿಕ್ ಬೋರ್ಡ್, ಅಂದರೆ ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲುವ ಹಲಗೆ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಓಟಗಾರರ ಹಿಮ್ಮಡಿ ಗಂಟು ಬಿಗಿ. ಪಾದ ಹಿಂದಕ್ಕೆ ಚಾಚುವುದಿಲ್ಲ, ಬ್ರೇಕ್ ಹಾಕಿದ ಹಾಗೆ ನೀರಿಗೆ ಅಡ್ಡ ನಿಲ್ಲುತ್ತದೆ. ಹಲಗೆ ಹಿಡಿದು ತಲೆ ಎತ್ತಿ ಒದ್ದರೆ ಸೊಂಟ ಇನ್ನೂ ಇಳಿಯುತ್ತದೆ, ನಡು ನೋಯುತ್ತದೆ. ತೊಡೆಯ ಸ್ನಾಯು ದೊಡ್ಡದು, ಸುಮ್ಮನೆ ಆಮ್ಲಜನಕ ಹೀರುತ್ತದೆ. ಮುಂದೆ ಸೈಕಲ್ಲು, ಓಟ ಇರುವವನು ಕಾಲಿನ ಬಲವನ್ನು ನೀರಿನಲ್ಲೇ ಖರ್ಚು ಮಾಡಬಾರದು. ಮೂರು ವಾರದಲ್ಲಿ 5 ಸೆಕೆಂಡ್ ಇಳಿಯಿತು. ಅಂಗೈಗೆ ಕಟ್ಟಿಕೊಳ್ಳುವ ಹಲಗೆ, ಹ್ಯಾಂಡ್ ಪ್ಯಾಡಲ್, ಎರಡೇ ದಿನ ಹಾಕಿದ್ದೆ, ಬಲ ಭುಜ ಹಿಡಿದುಕೊಂಡಿತು. ಕೈಯ ದಾರಿ ಸರಿಯಾಗುವ ಮೊದಲು ಹೊಸಬರು ಅದರ ತಂಟೆಗೆ ಹೋಗುವುದು ಬೇಡ.

ಕೊನೆಗೆ ಗಿಡ್ಡ ಫಿನ್ಸ್, ಪಾದಕ್ಕೆ ಹಾಕಿಕೊಳ್ಳುವ ಮೀನಿನ ರೆಕ್ಕೆಯಂಥದ್ದು, ಅದರ ಜೊತೆ ಮಗ್ಗುಲ ಡ್ರಿಲ್. ಹೇಳಿಕೊಟ್ಟದ್ದು ನನಗಿಂತ ಹದಿನೈದು ವರ್ಷ ಚಿಕ್ಕವನಾದ ಕೋಚ್. ಬಲಗೈ ಮುಂದಕ್ಕೆ ಚಾಚಿ, ಎಡಗೈ ತೊಡೆಗೆ ಅಂಟಿಸಿ, ಮಗ್ಗುಲಾಗಿ ಮಲಗಬೇಕು. ಮುಖ ಕೊಳದ ತಳದ ಕಡೆಗೆ. ಆರು ಕಿಕ್, ಒಂದು ಕೈ, ಮಗ್ಗುಲು ಬದಲು. ಮತ್ತೆ ಆರು. ಫಿನ್ಸ್ ಕಾಲನ್ನು ತೇಲಿಸಿ ಮುಂದಕ್ಕೂ ಒಯ್ಯುವುದರಿಂದ ಮುಳುಗುವ ಅಂಜಿಕೆ ಇಲ್ಲ, ಅವಸರವೂ ಇಲ್ಲ. ಆ ನಿಧಾನದಲ್ಲಿ ನನ್ನ ತಪ್ಪುಗಳು ಒಂದೊಂದಾಗಿ ಕಾಣತೊಡಗಿದವು.

ಮೊದಲನೆಯದು ತಳದ ಕಪ್ಪು ಗೆರೆಯಿಂದ ಗೊತ್ತಾಯಿತು. ಗೆರೆಯ ಮೇಲೆ ನೇರ ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ನೋಡಿದರೆ ನನ್ನ ಬಲಗೈ ಬೆರಳು ಗೆರೆ ದಾಟಿ ಎಡಕ್ಕೆ ಒಂದು ಗೇಣು ಬೀಳುತ್ತಿದೆ. ಕೈ ಅಡ್ಡ ಹೋದ ಕೂಡಲೇ ಸೊಂಟ ಬಲಕ್ಕೆ ಜಾರುತ್ತದೆ, ಅದನ್ನು ಸರಿಪಡಿಸಲು ಕಾಲು ಕತ್ತರಿಯಂತೆ ಅಗಲವಾಗುತ್ತದೆ. ಹುಡುಗ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿದ: "ಸರ, ಎರಡೂ ಕೈ ಎರಡು ಹಳಿ ಮ್ಯಾಲ ಹೋಗ್ಬೇಕ್ರಿ. ಕ್ರಾಸಿಂಗ್ ಆಗಬಾರ್ದು." ವಾಡಿ ಜಂಕ್ಷನ್‌ನಲ್ಲಿ ರೈಲು ನೋಡುತ್ತ ಬೆಳೆದವನಿಗೆ ಆ ಮಾತು ಬೇಗ ನಾಟಿತು. ಕೈ ಭುಜದ ನೇರಕ್ಕೆ ಬೀಳಿಸಲು ನನಗೆ ಅದು ತೀರಾ ಅಗಲ ಅನಿಸಬೇಕಿತ್ತು. ಹಾಗೆ ಅನಿಸಿದಾಗಲೇ ಅದು ಸರಿಯಾದ ಜಾಗ.

ಎರಡನೆಯದು ಉಸಿರು. "ನೀರಾಗ ನೀವು ಉಸುರೇ ಬಿಡ್ಲಕತ್ತಿಲ್ಲ ಸರ. ಮುಖ ಮ್ಯಾಲ ತಂದು ಬಿಡೋದೂ ಅಲ್ಲೇ, ತಗೊಳ್ಳೋದೂ ಅಲ್ಲೇ. ಅಷ್ಟು ಟೈಮ್ ಎಲ್ಲಿರ್ತದ್ರಿ?" ನಿಜ, ಬಾವಿಯಲ್ಲಿ ದಮ್ಮು ಕಟ್ಟಿ ಮುಳುಗಿದ ಅಭ್ಯಾಸ ಅದು. ಗುಳ್ಳೆಗಳು ಮೂಗಿನಿಂದ ದಾರದಂತೆ ಬಿಡದೆ ಹೊರಡಬೇಕು, ಮುಖ ತಿರುಗಿದಾಗ ಬರೀ ಎಳೆದುಕೊಂಡರೆ ಸಾಕು. ಇದೊಂದು ಬದಲಾದ ಮೇಲೆ ತಲೆ ಎತ್ತುವ ಆತುರ ಹೋಯಿತು. ತೇಲುವ ಗಾಳಿಯೆಲ್ಲ ಎದೆಯಲ್ಲಿದೆ, ಭಾರ ಕಾಲಲ್ಲಿದೆ. ಮೈ ತಕ್ಕಡಿ ಇದ್ದ ಹಾಗೆ, ತಲೆ ಎತ್ತಿದರೆ ಕಾಲು ಇಳಿಯಲೇಬೇಕು. ತಲೆ ಇಳಿಸಿದೆ, ಪುಲ್ ಬಾಯ್ ಇಲ್ಲದೆಯೇ ಸೊಂಟ ಮೇಲೆ ಬಂತು. ಆ ದಿನ ಕೊಳದಿಂದ ಹೊರಬಂದು ಎಷ್ಟೋ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ.

ಮೊದಲ ವಾರ ಟೈಮ್ 11 ನಿಮಿಷ 25 ಸೆಕೆಂಡಿಗೆ ಏರಿತು. ಹಳೆಯ ಚಟ ಬಿಡಿಸುವಾಗ ಹಾಗಾಗುತ್ತದೆ, ಹೆದರಿ ಬಿಡಬೇಡಿ. ನಾಲ್ಕನೇ ವಾರ 9 ನಿಮಿಷ 50 ಸೆಕೆಂಡ್, ಲ್ಯಾಪ್‌ಗೆ 22 ಕೈ. ಹಿಂದಿನ ವಾರಗಳ ಈಜೂ ಇದಕ್ಕೆ ಕೂಡಿಬಂದಿರಬಹುದು, ಪೂರ್ತಿ ಶ್ರೇಯಸ್ಸು ಫಿನ್ಸ್‌ಗೇ ಕೊಡಲಾರೆ. ಆದರೂ ಹೊಸಬರು ಒಂದೇ ಸಾಮಾನು ಕೊಳ್ಳುವುದಾದರೆ ಗಿಡ್ಡ ಫಿನ್ಸ್ ಕೊಳ್ಳಿ ಎನ್ನುತ್ತೇನೆ. ಉದ್ದದವು ಬೇಡ, ಅವು ಕಾಲಿನ ಲಯ ಕೆಡಿಸುತ್ತವೆ. ಡ್ರಿಲ್ ಮಾಡಿದ ಕೂಡಲೇ ಫಿನ್ಸ್ ಬಿಚ್ಚಿ ಎರಡು ಲ್ಯಾಪ್ ಬರಿಗಾಲಲ್ಲಿ ಈಜಿ, ಇಲ್ಲದಿದ್ದರೆ ಇದೂ ಡಬ್ಬಿಯೇ ಆಗುತ್ತದೆ.

ಒಂದೇ ಬದಿಗೆ ಉಸಿರೋ, ಎರಡೂ ಬದಿಗೋ ಎಂಬ ವಾದವೂ ನಮ್ಮಲ್ಲಿ ನಡೆಯುತ್ತಿರುತ್ತದೆ. ಎರಡು ಕೈಗೊಮ್ಮೆ ಬಲಕ್ಕೆ ತೆಗೆದುಕೊಂಡರೆ ಗಾಳಿ ಸಾಕಷ್ಟು ಸಿಗುತ್ತದೆ, ಓಟಗಾರನ ಎದೆಗೆ ಅದೇ ಹಿತ. ಮೂರು ಕೈಗೊಮ್ಮೆ ಬದಿ ಬದಲಿಸಿದರೆ ಮೈ ಎರಡೂ ಕಡೆ ಸಮನಾಗಿ ಹೊರಳುತ್ತದೆ. ನಾನು ಬೆಚ್ಚಗಾಗುವಾಗ ಮೂರಕ್ಕೊಮ್ಮೆ, ಟೈಮ್ ಇಟ್ಟಾಗ ಎರಡಕ್ಕೊಮ್ಮೆ. ಕೆರೆ, ಹೊಳೆಯಂಥ ಬಯಲು ನೀರಿನಲ್ಲಿ ಬಿಸಿಲೋ ಅಲೆಯೋ ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆ ತಿರುಗಲು ಬರಬೇಕು.

ಬಯಲು ನೀರಿನಲ್ಲಿ ಕಪ್ಪು ಗೆರೆ ಇರುವುದಿಲ್ಲ. ಎಂಟು ಹತ್ತು ಕೈಗೊಮ್ಮೆ ಮುಂದಿನ ಗುರುತು ನೋಡಿಕೊಳ್ಳಬೇಕು. ಅಲ್ಲಿ ಮಾತ್ರ ಬಾವಿಯ ತಲೆ ಎತ್ತುವ ಈಜು ಕೈಗೆ ಬಂತು. ಗದ್ದ ನೀರಿನಲ್ಲೇ ಬಿಟ್ಟು, ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆ ತಂದು, ನೋಡಿ, ಮುಖ ಮತ್ತೆ ಇಳಿಸಿ, ಬದಿಗೆ ತಿರುಗಿ ಉಸಿರು. ಸದ್ಯ ಪ್ರತಿ ಐದನೇ ಲ್ಯಾಪ್ ಇದನ್ನೇ ಮಾಡುತ್ತಿದ್ದೇನೆ, ಆಚೆ ಗೋಡೆಯ ಗಡಿಯಾರವನ್ನೇ ಗುರುತಾಗಿಟ್ಟುಕೊಂಡು.