ಏಳು ಜನರ ಟೀಮು, ನಾಲ್ಕು ಥರದ ಹಾಜರಿ

ನಮ್ಮದು ಕೇಳಿ ಬರೆಯುವ ಕೆಲಸ. ಯಾರದೋ ಸಂದರ್ಶನ, ಯಾವುದೋ ಸಮೀಕ್ಷೆಯ ಮಾತುಕತೆ ಆಡಿಯೊ ಆಗಿ ಬರುತ್ತದೆ. ಅದನ್ನು ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುತ್ತೇವೆ. ಒಟ್ಟು ಏಳು ಜನ. ನಾನು ದಾವಣಗೆರೆ ವಿದ್ಯಾನಗರದಲ್ಲಿ, ಮನೆ ಮಹಡಿಯ ರೂಮಿನಲ್ಲಿ. ಹರಿಹರದಲ್ಲಿ ಇಬ್ಬರು, ಚಿತ್ರದುರ್ಗದಲ್ಲಿ ಇಬ್ಬರು, ಹಿರಿಯೂರಿನಲ್ಲಿ ಒಬ್ಬರು, ಹೊಳಲ್ಕೆರೆ ಪಕ್ಕದ ಹಳ್ಳಿಯಲ್ಲಿ ಒಬ್ಬರು. ಎಲ್ಲರೂ ಒಟ್ಟಿಗೆ ಕೂರುವುದು ವರ್ಷಕ್ಕೆ ಎರಡೇ ಸಲ, ಅದೂ ಬೆಣ್ಣೆ ದೋಸೆ ನೆಪದಲ್ಲಿ.

ಮೊದಲೆಲ್ಲ ಆಡಿಯೊದ ಒಂದು ನಿಮಿಷಕ್ಕೆ ಇಷ್ಟು ಅಂತ ದುಡ್ಡು. ಯಾರು ಯಾವಾಗ ಕೂತರು, ಯಾವಾಗ ಎದ್ದರು ಅನ್ನೋ ಉಸಾಬರಿಯೇ ಇರಲಿಲ್ಲ. ಹೋದ ವರ್ಷ ಒಬ್ಬ ಕ್ಲೈಂಟ್ ಸಂತೆಯಲ್ಲಿ, ಹೊಲದಲ್ಲಿ ರೆಕಾರ್ಡ್ ಮಾಡಿದ ಆಡಿಯೊ ಕಳಿಸಲು ಶುರು ಮಾಡಿದರು. ಗಾಳಿ ಸದ್ದು, ಟ್ರ್ಯಾಕ್ಟರ್ ಸದ್ದು, ನಡುವೆ ನಾಲ್ಕು ಜನರ ಮಾತು ಒಂದರ ಮೇಲೊಂದು. ಒಂದು ಗಂಟೆಯ ಚೊಕ್ಕ ಆಡಿಯೊ ಬರೆಯಲು ಸುಮಾರು ನಾಲ್ಕು ಗಂಟೆ ಅನ್ನೋದು ಈ ಕೆಲಸದ ಮಾಮೂಲಿ ಲೆಕ್ಕ. ಇದಕ್ಕೆ ಎಂಟೊಂಬತ್ತು ಗಂಟೆ ಹಿಡಿಯುತ್ತಿತ್ತು. ಗಂಟೆ ಲೆಕ್ಕದಲ್ಲಿ ಕೊಡಿ ಅಂತ ನಾನೇ ಕೇಳಿದೆ. "ಆಗಲಿ, ಆದರೆ ಗಂಟೆಗೆ ಲೆಕ್ಕ ತೋರಿಸಬೇಕು" ಅಂದರು. ಅಲ್ಲಿಂದ ಶುರುವಾಯಿತು ನೋಡಿ.

ಮೊದಲ ತಿಂಗಳು ಗೂಗಲ್ ಶೀಟ್. ಶುರು, ಮುಗಿದದ್ದು, ಯಾವ ಫೈಲು, ಅಷ್ಟೇ. ಖರ್ಚಿಲ್ಲ, ಕಲಿಸೋದೂ ಏನಿಲ್ಲ. ಆದರೆ ತಿಂಗಳ ಕೊನೆಗೆ ನೋಡಿದರೆ ಏಳೂ ಜನರ ಬದುಕು ದುಂಡಗಿತ್ತು. 9.30ರಿಂದ 1.30. 2.30ರಿಂದ 5.30. ನನ್ನದೂ ಹಾಗೇ. ಯಾರೂ ಸುಳ್ಳು ಬರೆದಿರಲಿಲ್ಲ, ರಾತ್ರಿ ಮಲಗೋ ಮುಂಚೆ ನೆನಪಿಂದ ತುಂಬಿದ್ದರು. ಕ್ಲೈಂಟ್‌ಗೆ ಕಳಿಸಿದರೆ ನಗುತ್ತಾರೆ ಅನಿಸಿತು. ಹೋಗಲಿ ಬಿಡಿ, ಇದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ.

ಎರಡನೆಯದು ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರ್. ಈ ಜಾತಿಯಲ್ಲಿ ಹಬ್‌ಸ್ಟಾಫ್, ಟೈಮ್ ಡಾಕ್ಟರ್ ಹೆಸರು ಎಲ್ಲರೂ ಕೇಳಿರುತ್ತಾರೆ. ನಾವು ಬಳಸಿದ್ದು ಅವೆರಡೂ ಅಲ್ಲ, ಇನ್ನೊಂದು. ಹೆಸರು ಬೇಡ. ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ. ಬಟನ್ ಒತ್ತಿದ ಮೇಲೆ ಆಗಾಗ ಪರದೆಯ ಫೋಟೊ ತೆಗೆಯುತ್ತದೆ. ಜೊತೆಗೆ ಕೀಬೋರ್ಡ್, ಮೌಸ್ ಎಷ್ಟು ಸೆಕೆಂಡ್ ಅಲುಗಿದವು ಅಂತ ಎಣಿಸಿ, ಹತ್ತು ಹತ್ತು ನಿಮಿಷಕ್ಕೆ ಒಂದು ಶೇಕಡಾ ಕೊಡುತ್ತದೆ. ಏನು ಟೈಪ್ ಮಾಡಿದಿರಿ ಅಂತ ಓದುವುದಿಲ್ಲ, ಅಲುಗಾಟ ಮಾತ್ರ. ಇಂಥ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕಾಣದ ಹಾಗೆ ಕೂತು ನೋಡುವ ಮೋಡ್ ಕೂಡ ಇರುತ್ತದೆ. ಅದನ್ನು ನಾನು ಮುಟ್ಟಲಿಲ್ಲ. ಎಲ್ಲರಿಗೂ ಮುಂಚೆಯೇ ಹೇಳಿದೆ, ವಿಡಿಯೊ ಕಾಲ್‌ನಲ್ಲಿ ತೋರಿಸಿದೆ, ಒಪ್ಪಿಗೆ ತಗೊಂಡೆ. ಇದಕ್ಕಿಂತ ಪಾರದರ್ಶಕ ಇನ್ನೇನು ಬೇಕು ಅಂದುಕೊಂಡೆ.

ಮೊದಲ ವಾರವೇ ಶೇಕಡಾ ತಲೆಕೆಳಗಾಯಿತು. ನಮ್ಮಲ್ಲಿ ಅತಿ ಚೆನ್ನಾಗಿ ತಿದ್ದುವವಳು ಚಿತ್ರದುರ್ಗದ ಹುಡುಗಿ. ಅವಳ ಅಂಕಿ ಎಲ್ಲರಿಗಿಂತ ಕೆಳಗೆ. ಯಾಕೆ ಅಂತ ಅವಳ ಪರದೆ ಹಂಚಿಕೊಂಡು ಅರ್ಧ ಗಂಟೆ ಕೂತೆ. ಒಂದು ಮಾತನ್ನು ಕೇಳುತ್ತಾಳೆ. ನಿಲ್ಲಿಸುತ್ತಾಳೆ. ಹಿಂದಕ್ಕೆ ಹೋಗುತ್ತಾಳೆ. ಮತ್ತೆ ಕೇಳುತ್ತಾಳೆ. ಮಾತಾಡುತ್ತಿದ್ದ ಅಜ್ಜ "ಬರ" ಅಂದನೋ "ಬಾರ" ಅಂದನೋ ಅಂತ ಕಣ್ಣು ಮುಚ್ಚಿ ಐದನೇ ಸಲ ಕೇಳುತ್ತಾಳೆ. ಆಮೇಲೆ ಒಂದು ದೀರ್ಘ ಸೇರಿಸುತ್ತಾಳೆ. ನಾಲ್ಕು ನಿಮಿಷಕ್ಕೆ ಒಂದು ಕೀ! ಆ ಒಂದು ಕೀಗೇ ತಾನೆ ನಾವು ದುಡ್ಡು ಕೊಡುವುದು? ಆದರೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಅವಳು ಸುಮ್ನೆ ಕೂತಿದ್ದಾಳೆ. "ಆವತ್ತು ಕೋಟೆಯಲ್ಲಿ ಇದಿದ್ದರೆ ಓಬವ್ವನ ಹೆಸರಲ್ಲಿ ಬರೀ ಐಡಲ್ ಅಂತ ಬೀಳ್ತಿತ್ತು ಸರ್, ಕಿಂಡಿ ಪಕ್ಕ ಅಲುಗದೆ ನಿಂತಿದ್ಲಲ್ಲ" ಅಂದಳು. ದುರ್ಗದವರ ಬಾಯಿ.

ಹರಿಹರದ ಹುಡುಗ ಇನ್ನೊಂದು ಮಾಡಿದ್ದ. ಅವನ ಶೇಕಡಾ ಯಾವಾಗಲೂ ಮೇಲೆಯೇ. ಆಮೇಲೆ ಅವನೇ ನಗುತ್ತಾ ಒಪ್ಪಿಕೊಂಡ. ಆಡಿಯೊ ಕೇಳುವಾಗ ಗೋಡೆ ಗಡಿಯಾರ ಇಳಿಸಿ, ಅದರ ಗಾಜಿನ ಮೇಲೆ ಮೌಸ್ ಇಡುತ್ತಿದ್ದನಂತೆ. ಕೆಳಗೆ ಸೆಕೆಂಡ್ ಮುಳ್ಳು ತಿರುಗಿದ ಹಾಗೆ ಪರದೆಯ ಬಾಣ ಅಲ್ಲಾಡುತ್ತದೆ. ಬೈಯೋಣ ಅನಿಸಿತು. ಆದರೆ ಅವನ ಫೈಲುಗಳು ಒಂದೂ ತಡವಾಗಿರಲಿಲ್ಲ. ಅಂಕಿ ಕೇಳಿದ್ದು ನಾನು, ಅಂಕಿ ಕೊಟ್ಟಿದ್ದು ಅವನು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಕೀಬೋರ್ಡ್ ಅಲುಗಾಟ ನಟಿಸಿದರು ಅಂತ ಹನ್ನೆರಡಕ್ಕೂ ಜಾಸ್ತಿ ಜನರನ್ನು ಕೆಲಸದಿಂದ ತೆಗೆದಿತ್ತು. ಅಷ್ಟು ದೊಡ್ಡ ಬ್ಯಾಂಕಿನಲ್ಲೇ ಹೀಗೆ ಅಂದರೆ ಹರಿಹರದ್ದು ಯಾವ ಲೆಕ್ಕ.

ಇದನ್ನೆಲ್ಲ ತಡೆದುಕೊಳ್ಳುತ್ತಿದ್ದೆನೇನೋ. ಮೂರನೇ ವಾರ ಒಂದು ಫೋಟೊ ಬಂತು. ಹಿರಿಯೂರಿನವರು ಕೆಲಸದ ನಡುವೆ ವಾಟ್ಸಾಪ್ ವೆಬ್ ತೆರೆದಿದ್ದರು. ಪರದೆ ತುಂಬಾ ಅವರ ತಾಯಿಯ ಸ್ಕ್ಯಾನ್ ರಿಪೋರ್ಟ್. ಚಿಕ್ಕ ಫೋಟೊ ನೋಡಿ ಏನಿದು ಅಂತ ದೊಡ್ಡದು ಮಾಡಿದೆ. ಓದಿಯೂ ಬಿಟ್ಟೆ. ಆ ಕಾಯಿಲೆ ವಿಷಯ ಅವರು ಇನ್ನೂ ಮನೆಯಲ್ಲೇ ಎಲ್ಲರಿಗೂ ಹೇಳಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವತ್ತು ಸಂಜೆ ಫೋನ್ ಮಾಡಿ ನೋಡಿಬಿಟ್ಟೆ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಪರವಾಗಿಲ್ಲ ಬಿಡಿ" ಅಂದರು. ಪರವಾಗಿತ್ತು ಅಂತ ಇಬ್ಬರಿಗೂ ಗೊತ್ತಿತ್ತು.

ನಮ್ಮಪ್ಪ ಕಾಟನ್ ಮಿಲ್‌ನಲ್ಲಿ ದುಡಿದವರು. ಸೈರನ್ ಕೂಗಿದರೆ ಗೇಟಿನಲ್ಲಿ ಇರಬೇಕಿತ್ತು. ಊಟಕ್ಕೆ ಕೂತಾಗ ಈ ಕತೆ ಹೇಳಿದೆ. "ನಮ್ಮ ಮೇಸ್ತ್ರಿ ಬೆನ್ನ ಹಿಂದೆ ಬಂದ್ರೆ ನೆರಳಾದ್ರೂ ಬೀಳ್ತಿತ್ತಪ್ಪ" ಅಂದು ಸಾರು ಬಡಿಸಿಕೊಂಡರು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಫೋಟೊ ಮಸುಕು ಮಾಡುವುದು, ಪೂರ್ತಿ ನಿಲ್ಲಿಸುವುದು, ಇಂಥ ಆಯ್ಕೆಗಳು ಹಬ್‌ಸ್ಟಾಫ್‌ನಂಥವುಗಳಲ್ಲಿ ಇವೆ. ಗುರುತು ಪರಿಚಯ ಇಲ್ಲದ ಕ್ಲೈಂಟ್, ಗಂಟೆಗೆ ಡಾಲರ್ ಲೆಕ್ಕ, ಆಗ ಸ್ಕ್ರೀನ್‌ಶಾಟ್ ಕೆಲಸಗಾರನಿಗೇ ಸಾಕ್ಷಿ ಆಗಬಹುದು. ನನ್ನ ತಕರಾರು ಬೇರೆ. ಮುಂಚೆಯೇ ಹೇಳಿದ್ದೆ, ನಿಜ. ಆದರೆ ಹೇಳಿದ್ದರಿಂದ ಆ ರಿಪೋರ್ಟ್ ನನ್ನ ಕಣ್ಣಿಗೆ ಬೀಳುವುದು ತಪ್ಪಲಿಲ್ಲ. ಸಾಫ್ಟ್‌ವೇರ್ ತೆಗೆದ ಫೋಟೊವನ್ನು ಅವರಿಗಿಂತ ಮೊದಲು ನಾನು ನೋಡಿದೆ. ಪಾರದರ್ಶಕ ಅನ್ನೋ ಪದ ನನಗೆ ಅಲ್ಲಿ ತಿರುಗಿ ಬಿತ್ತು: ಲೆಕ್ಕ ಯಾರದ್ದೋ ಅವರು ಮೊದಲು ನೋಡಬೇಕು, ತಿದ್ದಬೇಕು, ಆಮೇಲೆ ನನಗೆ ಬರಬೇಕು. ಮಿಕ್ಕ ಎರಡನ್ನು ಈ ಅಳತೆಯಲ್ಲೇ ನೋಡಿದೆ.

ಮೂರನೆಯದು ಟಾಗಲ್ ಟ್ರ್ಯಾಕ್, ಹೊತ್ತು ಎಣಿಸುವ ಆಪ್, ಎಸ್ಟೋನಿಯಾದ್ದು. ಸ್ಕ್ರೀನ್‌ಶಾಟ್ ತೆಗೆಯುವುದೇ ಇಲ್ಲ, ತೆಗೆಯಬಾರದು ಅನ್ನೋದೇ ಅವರ ನಿಲುವು. ಕೆಲಸ ಶುರುವಾದಾಗ ಫೈಲಿನ ಹೆಸರು ಬರೆದು ಟೈಮರ್ ಒತ್ತುವುದು, ಎದ್ದಾಗ ನಿಲ್ಲಿಸುವುದು. ಯಾವ ಆಪ್‌ನಲ್ಲಿ ಎಷ್ಟು ಹೊತ್ತಿದ್ದಿರಿ ಅಂತ ನೆನಪಿಟ್ಟುಕೊಳ್ಳುವ ಟೈಮ್‌ಲೈನ್ ಅನ್ನೋದೂ ಇದೆ. ಆದರೆ ಅದು ಕಾಣುವುದು ಕೆಲಸ ಮಾಡಿದವರಿಗೆ ಮಾತ್ರ, ನನಗಲ್ಲ. ಉಚಿತ ಪ್ಲ್ಯಾನ್ ಐದು ಜನರಿಗೆ. ಹಾಗಾಗಿ ನಾನು ಮತ್ತು ಇನ್ನು ನಾಲ್ಕು ಜನ ಆರು ವಾರ ಬಳಸಿದೆವು. ರಿಪೋರ್ಟ್ ಬಹಳ ಚೆಂದ. ಯಾವ ಫೈಲಿಗೆ ಎಷ್ಟು ಗಂಟೆ ಅಂತ ಬಣ್ಣದಲ್ಲಿ ಬರುತ್ತದೆ. ಸಂತೆ ಆಡಿಯೊ ನಿಜವಾಗಿಯೂ ಎರಡು ಪಟ್ಟು ಹೊತ್ತು ತಿನ್ನುತ್ತದೆ ಅಂತ ಕ್ಲೈಂಟ್ ಒಪ್ಪಿದ್ದು ಆ ಪಟ್ಟಿ ನೋಡಿಯೇ.

ತೊಂದರೆ ಟಾಗಲ್‌ದಲ್ಲ, ನಮ್ಮದು. ಒತ್ತೋಕೆ ಮರೆಯುತ್ತೇವೆ. ನಿಲ್ಲಿಸೋಕೆ ಇನ್ನೂ ಮರೆಯುತ್ತೇವೆ. ಒಂದು ರಾತ್ರಿ ನನ್ನ ಟೈಮರ್ ಹನ್ನೊಂದು ಗಂಟೆ ಓಡಿತ್ತು. ನಾನು ಕೆಳಗೆ ಮಲಗಿದ್ದೆ. ತಿದ್ದುವುದು ಸುಲಭ, ಆದರೆ ವಾರಕ್ಕೆ ನಾಲ್ಕು ಸಲ ತಿದ್ದಿದರೆ ಮತ್ತೆ ನೆನಪಿನ ಲೆಕ್ಕವೇ ಆಯಿತು, ಅಲ್ವಾ? ಬಣ್ಣ ಬಳಿದ ಗೂಗಲ್ ಶೀಟ್. ಶಿಸ್ತಿನವರಿಗೆ ಇದೇ ಸಾಕು. ನಾವು ಅಷ್ಟು ಶಿಸ್ತಿನವರಲ್ಲ.

ಕೊನೆಯದು ಆಕ್ಟಿವಿಟಿವಾಚ್. ಉಚಿತ, ಓಪನ್ ಸೋರ್ಸ್. ಹಾಕಿಬಿಟ್ಟರೆ ಒತ್ತುವ ಬಟನ್ ಇಲ್ಲ, ತಾನಾಗಿ ಎಣಿಸುತ್ತದೆ. ಯಾವ ಕಿಟಕಿ ತೆರೆದಿತ್ತು, ಎಷ್ಟು ಹೊತ್ತು, ಅಷ್ಟೇ. ಫೋಟೊ ಇಲ್ಲ. ಲೆಕ್ಕವೆಲ್ಲ ಅವರವರ ಲ್ಯಾಪ್‌ಟಾಪ್‌ನಲ್ಲೇ ಕೂತಿರುತ್ತದೆ, ಬ್ರೌಸರ್‌ನಲ್ಲಿ localhost:5600 ಅಂತ ಹೊಡೆದರೆ ಅವರಿಗೆ ಕಾಣುತ್ತದೆ. ಯಜಮಾನನ ಡ್ಯಾಶ್‌ಬೋರ್ಡ್ ಅನ್ನೋದೇ ಇಲ್ಲ. ಬೇರೆಯವರ ವಿಮರ್ಶೆಗಳಲ್ಲಿ ಇದನ್ನು ಕೊರತೆ ಅಂತ ಬರೆಯುತ್ತಾರೆ. ನಮಗೆ ಬೇಕಾಗಿದ್ದೇ ಅದು. ನೆಟ್ ಇಲ್ಲದಿದ್ದರೂ ಎಣಿಸುತ್ತದೆ. ಹೊಳಲ್ಕೆರೆ ಕಡೆ ಕರೆಂಟ್ ಹೋಗಿ ವೈಫೈ ಸತ್ತರೂ ಬ್ಯಾಟರಿ ಇರುವವರೆಗೆ ಲೆಕ್ಕ ನಡೆಯುತ್ತಿರುತ್ತದೆ.

ಇದಕ್ಕೂ ಐಡಲ್ ಕಾಟ ಇದೆ. ಮೂರು ನಿಮಿಷ ಏನೂ ಮುಟ್ಟದಿದ್ದರೆ ಎದ್ದು ಹೋದರು ಅಂದುಕೊಳ್ಳುತ್ತದೆ. ಆದರೆ ಬ್ರೌಸರ್‌ಗೆ ಅದರ ಎಕ್ಸ್‌ಟೆನ್ಶನ್ ಹಾಕಿಕೊಂಡರೆ, ಸದ್ದು ಬರುತ್ತಿರುವ ಟ್ಯಾಬನ್ನೂ ಕೆಲಸ ಅಂತ ಎಣಿಸುವ ಆಯ್ಕೆ ಸಿಗುತ್ತದೆ. ನಾವು ಆಡಿಯೊ ಓಡಿಸುವುದು ಬ್ರೌಸರ್‌ನಲ್ಲೇ. ಆ ಒಂದು ಟಿಕ್ ಹಾಕಿದ ವಾರ ದುರ್ಗದ ಹುಡುಗಿಯ ಗಂಟೆಗಳು ಅವಳ ಫೈಲುಗಳಿಗೆ ಸರಿಯಾಗಿ ಹೊಂದಿದವು. ಆರು ತಿಂಗಳ ತಲೆನೋವಿಗೆ ಒಂದು ಟಿಕ್ಕು.

ಬೇಸರವೂ ಉಂಟು. ಪರದೆಗಳೆಲ್ಲ ಇಂಗ್ಲಿಷ್. ಹೊಸಬರಿಗೆ ಹಾಕಿಕೊಡಲು ಫೋನ್‌ನಲ್ಲಿ ಮುಕ್ಕಾಲು ಗಂಟೆ ಬೇಕು. ಏಳು ಜನರ ಮೊತ್ತ ಕೂಡಿಸುವುದು ನಾನೇ, ಕೈಯಿಂದ. ಎಪ್ಪತ್ತು ಜನರ ಕಂಪನಿಗೆ ಇದನ್ನು ಹೇಳಲಾರೆ. ಅವರು ದುಡ್ಡು ಕೊಟ್ಟು ಟಾಗಲ್‌ನಂಥದ್ದಕ್ಕೆ ಹೋಗುವುದೇ ವಾಸಿ. ಇನ್ನೊಂದು, ಮನೆಯ ಲ್ಯಾಪ್‌ಟಾಪಿನಲ್ಲಿ ಅಣ್ಣ ತಮ್ಮ ಎಲ್ಲ ಕೂರುತ್ತಾರೆ. ಅದಕ್ಕೆ ವಿಂಡೋಸ್‌ನಲ್ಲಿ ಬೇರೆ ಯೂಸರ್ ಮಾಡಿಸಿದೆ. ಇಲ್ಲದಿದ್ದರೆ ತಮ್ಮನ ಕ್ರಿಕೆಟ್ ಗೇಮೂ ಲೆಕ್ಕದಲ್ಲಿ.

ಕಾನೂನಿನ ಕಡೆಯೂ ಒಂದು ಸಲ ಕಣ್ಣಾಡಿಸಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು, ಅದರ ನಿಯಮಗಳು ನವೆಂಬರ್ 2025ರಲ್ಲಿ ಬಂದವು. ಮುಖ್ಯ ಭಾಗಗಳಿಗೆ 18 ತಿಂಗಳ ಸಮಯ ಇದೆ. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಕಾಯ್ದೆಯ ಏಳನೇ ಸೆಕ್ಷನ್‌ನಲ್ಲಿ ಒಂದು ಬಾಗಿಲು ಬಿಟ್ಟಿದ್ದಾರೆ. ಆದರೆ ನಮ್ಮಲ್ಲಿ ಯಾರೂ ಸಂಬಳದವರಲ್ಲ. ಆ ಬಾಗಿಲು ನಂಬದೆ, ಏನು ಎಣಿಸುತ್ತೇವೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತೇವೆ ಅಂತ ಕನ್ನಡದಲ್ಲೇ ಅರ್ಧ ಪುಟ ಬರೆದು ಎಲ್ಲರ ಒಪ್ಪಿಗೆ ತಗೊಂಡೆ. ಫ್ರಾನ್ಸ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40,000 ಯೂರೊ ದಂಡ ಬಿತ್ತು. ಮೌಸ್, ಕೀಬೋರ್ಡ್ ಅಲುಗದ ಹೊತ್ತನ್ನೆಲ್ಲ ಬಿಡುವು ಅಂತ ಎಣಿಸಿದ್ದು, ಆಗಾಗ ಸ್ಕ್ರೀನ್‌ಶಾಟ್ ತೆಗೆದದ್ದು ಅದರಲ್ಲಿ ಸೇರಿತ್ತು. ಸಭೆ, ಫೋನ್ ಮಾತು ಕೂಡ ಕೆಲಸವೇ ಅಂತ ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ ಹೇಳಿತು. ಅದನ್ನು ಓದಿ ದುರ್ಗದ ಹುಡುಗಿಗೆ ಕಳಿಸಿದೆ. "ಓಬವ್ವನಿಗೂ ಬಾಕಿ ಕೊಡ್ಸಿ" ಅಂತ ಉತ್ತರ ಬಂತು.

ಈಗ ನಡೆಯುತ್ತಿರುವುದು ಹೀಗೆ. ಶನಿವಾರ ಸಂಜೆ ಪ್ರತಿಯೊಬ್ಬರೂ ತಮ್ಮ ಆಕ್ಟಿವಿಟಿವಾಚ್ ತೆರೆದು, ವಾರದ ಗಂಟೆ ನೋಡಿ, ಕೂಡಿಸುವುದು ಕಳೆಯುವುದು ಮಾಡಿ ಒಂದು ಸಾಲು ಕಳಿಸುತ್ತಾರೆ. ನನ್ನದನ್ನೂ ಅದೇ ಗ್ರೂಪಿನಲ್ಲಿ ಹಾಕುತ್ತೇನೆ. ಮೊನ್ನೆ ಹೊಳಲ್ಕೆರೆಯಿಂದ ಬಂದಿದ್ದು ಇದು: "31 ಗಂಟೆ ತೋರಿಸುತ್ತಿದೆ ಸರ್. ಸೋಮವಾರದ್ದು 40 ನಿಮಿಷ ಕಳೆಯಿರಿ. ಎಮ್ಮೆ ಬಿಚ್ಚಿಕೊಂಡಿತ್ತು, ಹಿಡಿಯೋಕೆ ಓಡಿದೆ. ಆಡಿಯೊ ಪಾಡಿಗೆ ಆಡಿಯೊ ಓಡ್ತಾ ಇತ್ತು."

ಕಳೆದೆ.