ಹತ್ತು ಲೀಟರ್, ಹದಿನೆಂಟು ಲೀಟರ್: ಒಂದೇ ಕಂಪ್ಯೂಟರ್‌ಗೆ ಎರಡು ಕೇಸ್

ಚಿಕ್ಕ ಕಂಪ್ಯೂಟರ್ ಕಟ್ಟಲು ಹೊರಟವರು ಮೊದಲು ನೋಡುವುದೇ ಕೇಸ್, ಅಂದರೆ ಬಿಡಿಭಾಗಗಳು ಕೂರುವ ಪೆಟ್ಟಿಗೆ, ಎಷ್ಟು ಲೀಟರ್ ಗಾತ್ರದ್ದು ಎಂದು. ನಾನೂ ಹಾಗೇ ನೋಡುತ್ತಿದ್ದೆ. ಅವೇ ಬಿಡಿಭಾಗಗಳನ್ನು ಎರಡು ಕೇಸ್‌ಗಳಲ್ಲಿ ಕೂಡಿಸಿ, ಎರಡನ್ನೂ ತಿಂಗಳುಗಟ್ಟಲೆ ಬಳಸಿದ ಮೇಲೆ ಲೀಟರ್ ಲೆಕ್ಕ ನನಗೆ ಎರಡನೆಯದಾಗಿದೆ. ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಈ ಕೇಸ್‌ನಲ್ಲಿ ಸಿಪಿಯುವನ್ನು (ಪ್ರೊಸೆಸರನ್ನು) ತಣಿಸುವ ಕೂಲರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಒಂದೇ ಜಾಗಕ್ಕೆ ಕಿತ್ತಾಡುತ್ತವೆಯೇ?

ಹೋಲಿಸಿದ್ದು ಕೂಲರ್ ಮಾಸ್ಟರ್‌ನ ಎನ್‌ಆರ್‌200 ಮತ್ತು ಫ್ರ್ಯಾಕ್ಟಲ್ ಡಿಸೈನ್‌ನ ಟೆರಾ. ಮೊದಲನೆಯದು 2020ರಲ್ಲಿ ಬಂದದ್ದು, 18.25 ಲೀಟರ್. ಎರಡನೆಯದು 2023ರದ್ದು, 10.4 ಲೀಟರ್. ಒಳಗಿನ ಸಾಮಾನು ಎರಡರಲ್ಲೂ ಒಂದೇ: 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ (ಮುಂದೆ ಬರೀ ಬೋರ್ಡ್), ರೈಜನ್ 7 7700 ಪ್ರೊಸೆಸರ್, ಎರಡು ಸ್ಲಾಟ್ ದಪ್ಪದ (ಕಾರ್ಡಿನ ದಪ್ಪವನ್ನು ಸ್ಲಾಟ್ ಲೆಕ್ಕದಲ್ಲಿ ಹೇಳುವುದು ವಾಡಿಕೆ) ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್, ಚಿಕ್ಕ ಗಾತ್ರದ ಒಂದು ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ. ಕೂಲರ್ ಮಾತ್ರ ಬದಲಾಯಿಸಬೇಕಾಯಿತು. ಇಡೀ ಕಥೆ ಇರುವುದೂ ಅದರಲ್ಲೇ.

ಎನ್‌ಆರ್‌200ರ ಒಳಗಿನ ಜೋಡಣೆ ದೊಡ್ಡ ಟವರ್ ಕೇಸ್‌ನದ್ದೇ, ಕುಗ್ಗಿಸಿದ್ದು ಅಷ್ಟೆ. ಬೋರ್ಡ್ ನೆಟ್ಟಗೆ ನಿಲ್ಲುತ್ತದೆ, ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಬೋರ್ಡಿನ ಸ್ಲಾಟ್‌ಗೇ ಕೂರುತ್ತದೆ, ಅದರ ಕೆಳಗೆ ಎರಡು 120 ಮಿ.ಮೀ. ಫ್ಯಾನ್‌ಗಳಿಗೆ ಜಾಗ. ಕೂಲರ್‌ಗೆ ಸುಮಾರು 155 ಮಿ.ಮೀ. ಎತ್ತರ ಸಿಗುತ್ತದೆ. ಕಾರ್ಡ್ ಎಷ್ಟೇ ದಪ್ಪ ಇರಲಿ, ಮೂರು ಸ್ಲಾಟ್ ಇದ್ದರೂ, ಕೂಲರ್‌ನ ಎತ್ತರಕ್ಕೆ ಅದು ಕೈ ಹಾಕುವುದಿಲ್ಲ. ಹೀಗಾಗಿ 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರನ್ನೇ ಹಾಕಬಹುದು. ಆದರೆ ಕೊಳ್ಳುವ ಮುನ್ನ ಅಳತೆ ನೋಡಲೇಬೇಕು. ಜನಪ್ರಿಯವಾದ ನಾಕ್ಟುವಾ ಎನ್‌ಎಚ್-ಯು12ಎಸ್ ಕೂಲರ್ 158 ಮಿ.ಮೀ. ಎತ್ತರ; ಮೂರೇ ಮಿಲಿಮೀಟರ್‌ಗೆ ಮಿತಿ ದಾಟುತ್ತದೆ.

ಟೆರಾದ ಜೋಡಣೆಯನ್ನು ಈ ಹವ್ಯಾಸದವರು ಸ್ಯಾಂಡ್‌ವಿಚ್ ಎನ್ನುತ್ತಾರೆ. ನಡುವೆ ಒಂದು ಲೋಹದ ಗೋಡೆ, ಅದರ ಒಂದು ಬದಿಗೆ ಬೋರ್ಡ್, ಇನ್ನೊಂದು ಬದಿಗೆ ಗ್ರಾಫಿಕ್ಸ್ ಕಾರ್ಡ್, ಎರಡನ್ನೂ ಸೇರಿಸುವ ರೈಸರ್ ಕೇಬಲ್. ಇದರ ನಿಜವಾದ ಜಾಣತನ ಆ ಗೋಡೆಯನ್ನು ಆಚೀಚೆ ಸರಿಸಬಹುದು ಎನ್ನುವುದರಲ್ಲಿದೆ. ಕಾರ್ಡಿನ ಕಡೆ 43 ಮಿ.ಮೀ. ಬಿಟ್ಟರೆ ಕೂಲರ್‌ಗೆ 77 ಸಿಗುತ್ತದೆ. ಕಾರ್ಡಿಗೆ 72 ಕೊಟ್ಟರೆ ಕೂಲರ್‌ಗೆ ಉಳಿಯುವುದು 48. ಎರಡನ್ನೂ ಕೂಡಿಸಿ ನೋಡಿ, ಮೊತ್ತ ಪ್ರತಿ ಸಲವೂ 120. ಈ 120 ಮಿ.ಮೀ.ಯನ್ನು ಯಾರಿಗೆಷ್ಟು ಹಂಚುತ್ತೀರಿ ಎನ್ನುವುದೇ ಇಲ್ಲಿ ಕಂಪ್ಯೂಟರ್‌ನ ಸ್ವಭಾವವನ್ನು ತೀರ್ಮಾನಿಸುತ್ತದೆ. ದಪ್ಪ ಕಾರ್ಡ್ ತಂದರೆ ಅದರ ಬೆಲೆಯನ್ನು ಸಿಪಿಯು ತೆರುತ್ತದೆ, ತಟ್ಟೆಯಂಥ ಪುಟ್ಟ ಕೂಲರ್‌ನ ಕೆಳಗೆ ಕಾದು ಕುಳಿತು.

ನನ್ನ ಕಾರ್ಡ್ ಎರಡು ಸ್ಲಾಟ್‌ನದ್ದಾದ್ದರಿಂದ 70 ಮಿ.ಮೀ. ಎತ್ತರದ ನಾಕ್ಟುವಾ ಎನ್‌ಎಚ್-ಎಲ್12ಎಸ್ ಕೂಲರ್ ಹಾಕಲು ಸಾಧ್ಯವಾಯಿತು. ಅದಕ್ಕೂ ಮೊದಲು ಕುತೂಹಲಕ್ಕೆ 47 ಮಿ.ಮೀ.ಯ ಕೂಲರ್ ಒಂದನ್ನೂ ಹಾಕಿ ನೋಡಿದ್ದೆ. ರೈಜನ್ 7 7700ಕ್ಕೆ ಹೆಸರಿಗೆ 65 ವ್ಯಾಟ್ ಎಂದಿದ್ದರೂ ಪೂರ್ಣ ಹೊರೆಯಲ್ಲಿ ಅದು ಎಳೆಯುವ ಮಿತಿ 88 ವ್ಯಾಟ್. ವಿಡಿಯೊ ರೆಂಡರ್‌ಗೆ ಹಚ್ಚಿದಾಗ ಪುಟ್ಟ ಕೂಲರ್ ಅದನ್ನು 90 ಡಿಗ್ರಿ ದಾಟಿಸಿ, ಈ ಚಿಪ್‌ನ ಗಡಿಯಾದ 95ರ ಹತ್ತಿರಕ್ಕೆ ಒಯ್ಯಿತು. ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುವಂತಿತ್ತು. 70 ಮಿ.ಮೀ. ಕೂಲರ್‌ನಲ್ಲಿ ಅದೇ ಕೆಲಸ 80ರ ಮೇಲಕ್ಕೆ ಸ್ವಲ್ಪ ಏರಿ ಅಲ್ಲೇ ನಿಂತಿತು. ಎನ್‌ಆರ್‌200ರ ಟವರ್ ಕೂಲರ್‌ನಲ್ಲಿ 70ರ ಆಸುಪಾಸು, ಸದ್ದೂ ಎಲ್ಲಕ್ಕಿಂತ ಕಡಿಮೆ. ಸಿಪಿಯು ಶಾಖದ ವಿಷಯದಲ್ಲಿ ದೊಡ್ಡ ಕೇಸ್ ಗೆದ್ದಿತು, ಅದರಲ್ಲಿ ಅನುಮಾನವಿಲ್ಲ.

ಆಮೇಲೆ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಪ್ರೊಸೆಸರಿನ ವಿದ್ಯುತ್ ಮಿತಿಯನ್ನು 65 ವ್ಯಾಟ್‌ಗೆ ಇಳಿಸಿ, ಅಲ್ಲೇ ಇರುವ ಕರ್ವ್ ಆಪ್ಟಿಮೈಜರ್ ಎಂಬ ಸೆಟ್ಟಿಂಗ್‌ನಲ್ಲಿ ವೋಲ್ಟೇಜನ್ನೂ ತುಸು ಕುಗ್ಗಿಸಿದೆ. ರೆಂಡರ್ ಸ್ವಲ್ಪ ನಿಧಾನವಾಯಿತು ನಿಜ, ಆದರೆ ಕೈಯಲ್ಲಿ ಗಡಿಯಾರ ಹಿಡಿದು ಕೂತರೆ ಮಾತ್ರ ಗೊತ್ತಾಗುವಷ್ಟು. ಟೆರಾದಲ್ಲೂ ಉಷ್ಣತೆ 70ರ ಹತ್ತಿರಕ್ಕೆ ಬಂತು. ಆಟಗಳಲ್ಲಂತೂ ವ್ಯತ್ಯಾಸವೇ ಕಾಣಲಿಲ್ಲ, ಏಕೆಂದರೆ ಆಟದಲ್ಲಿ ಈ ಪ್ರೊಸೆಸರ್ 88 ವ್ಯಾಟ್‌ವರೆಗೆ ಹೋಗುವುದೇ ಅಪರೂಪ. ಚಿಕ್ಕ ಕೇಸ್ ಕೊಳ್ಳುವವರು ಈ ಸೆಟ್ಟಿಂಗ್‌ಗಳಿಗೆ ಒಂದು ಸಂಜೆ ಮೀಸಲಿಡಬೇಕು. ಹೊಸ ಕೂಲರ್ ಕೊಳ್ಳುವುದಕ್ಕಿಂತ ಇದರಲ್ಲಿ ಲಾಭ ಹೆಚ್ಚು.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಟೆರಾ ಹಿಂದೆ ಬೀಳುತ್ತದೆಂದು ನಿರೀಕ್ಷಿಸಿದ್ದೆ. ಬೀಳಲಿಲ್ಲ. ಅಲ್ಲಿ ಕಾರ್ಡಿನ ಫ್ಯಾನ್‌ಗಳು ತೂತಿರುವ ಪಕ್ಕದ ತಗಡಿಗೆ ಒತ್ತಿಕೊಂಡಂತೆ ಇರುತ್ತವೆ. ಹೊರಗಿನ ತಂಪು ಗಾಳಿಯನ್ನೇ ನೇರವಾಗಿ ಎಳೆದುಕೊಳ್ಳುತ್ತವೆ. ಎನ್‌ಆರ್‌200ರಲ್ಲಿ ಕಾರ್ಡಿನ ಕೆಳಗೆ ಎರಡು ಫ್ಯಾನ್ ಕೂರಿಸಿದ ಮೇಲಷ್ಟೇ ಅದು ಒಂದೆರಡು ಡಿಗ್ರಿ ಮುಂದೆ ಹೋಯಿತು. 200 ವ್ಯಾಟ್‌ನ ಕಾರ್ಡಿಗೆ ಎರಡೂ ಕೇಸ್ ಸಾಕು.

ರೈಸರ್ ಬಗ್ಗೆ ಒಂದು ಎಚ್ಚರಿಕೆ. ಟೆರಾದ ಜೊತೆ ಬರುವುದು ಪಿಸಿಐಇ (ಕಾರ್ಡ್ ಮತ್ತು ಬೋರ್ಡ್ ನಡುವಿನ ಸಂಪರ್ಕದ ಮಾನದಂಡ) 4.0 ಕೇಬಲ್, 4070 ಕೂಡ 4.0 ಕಾರ್ಡೇ ಆದ್ದರಿಂದ ತಕರಾರಿಲ್ಲ. ಪಿಸಿಐಇ 5.0ರ ಹೊಸ ಕಾರ್ಡನ್ನು 5.0 ಸ್ಲಾಟ್ ಇರುವ ಬೋರ್ಡಿಗೆ ಈ ಕೇಬಲ್ ಮೂಲಕ ಜೋಡಿಸಿದರೆ ಪರದೆಯೇ ಬೆಳಗದಿರಬಹುದು. ಆಗ ಗಾಬರಿಯಾಗಿ ಎಲ್ಲ ಬಿಚ್ಚಬೇಡಿ. ರೈಜನ್ 7000 ಸರಣಿಯ ಬಹುತೇಕ ಚಿಪ್‌ಗಳಲ್ಲಿ ಒಳಗೇ ಗ್ರಾಫಿಕ್ಸ್ ಇದೆ. ಮಾನಿಟರನ್ನು ಬೋರ್ಡಿನ ಪೋರ್ಟಿಗೆ ಚುಚ್ಚಿ, ಬಯೋಸ್‌ಗೆ ಹೋಗಿ ಸ್ಲಾಟ್‌ನ ವೇಗವನ್ನು ಕೈಯಾರೆ ಜೆನ್ 4ಕ್ಕೆ, ಅಂದರೆ 4.0ಕ್ಕೆ, ಇಡಿ. ಎನ್‌ಆರ್‌200ರಲ್ಲಿ ಕಾರ್ಡ್ ನೇರವಾಗಿ ಬೋರ್ಡಿಗೇ ಕೂರುವುದರಿಂದ ಈ ತಲೆನೋವು ಇಲ್ಲ.

ಕಟ್ಟುವ ಅನುಭವದಲ್ಲಿ ಅಜಗಜಾಂತರ. ಎನ್‌ಆರ್‌200ರ ನಾಲ್ಕೂ ಬದಿಯ ತಗಡುಗಳು ಕಳಚಿ ಬರುತ್ತವೆ, ಕೈ ಎಲ್ಲ ಕಡೆ ಆಡುತ್ತದೆ, ಹೆಚ್ಚಾದ ಕೇಬಲ್ ಮುದುರಿಡಲು ಮೂಲೆಗಳಿವೆ. ಟೆರಾದಲ್ಲಿ ಪ್ರತಿ ಕೇಬಲ್‌ಗೂ ದಾರಿ ಮೊದಲೇ ಗೊತ್ತಿರಬೇಕು. ಸಿಪಿಯುವಿನ ಎಂಟು ಪಿನ್ ಕೇಬಲನ್ನು ಕೂಲರ್ ಕೂರಿಸುವ ಮುನ್ನವೇ ಚುಚ್ಚಿಡಿ, ಆಮೇಲೆ ಬೆರಳು ಹೋಗುವುದಿಲ್ಲ. ಬೋರ್ಡಿನ ಹಿಂಬದಿಯ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕುವುದಿದ್ದರೆ ಅದಂತೂ ಎಲ್ಲಕ್ಕಿಂತ ಮೊದಲು. ಗಟ್ಟಿ, ಉದ್ದದ ಕೇಬಲ್‌ಗಳ ಪವರ್ ಸಪ್ಲೈ ಇದ್ದರೆ ಪಕ್ಕದ ಬಾಗಿಲು ಮುಚ್ಚುವುದೇ ಹೋರಾಟವಾಗುತ್ತದೆ; ಮೆತ್ತನೆಯ, ಗಿಡ್ಡ ಕೇಬಲ್‌ಗಳದ್ದನ್ನೇ ಹುಡುಕಿ ತನ್ನಿ. ರ‍್ಯಾಮ್ ಕೂಡ ಎತ್ತರದ ಅಲಂಕಾರ ಇಲ್ಲದ್ದಿರಲಿ. ಮಿನಿ-ಐಟಿಎಕ್ಸ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ರ‍್ಯಾಮ್ ಸ್ಲಾಟ್, ಆದ್ದರಿಂದ ಕೇಸ್ ಯಾವುದಾದರೂ ಬೇಕಾದಷ್ಟನ್ನು ಒಂದೇ ಸಲಕ್ಕೆ ಹಾಕಿಬಿಡುವುದು ಒಳ್ಳೆಯದು.

ನೀರಿನ ಕೂಲಿಂಗ್‌ಗೆ ನಾನು ಕೈ ಹಾಕಲಿಲ್ಲ. ಎನ್‌ಆರ್‌200ರಲ್ಲಿ 240 ಮಿ.ಮೀ. ರೇಡಿಯೇಟರ್ ಹಿಡಿಯುತ್ತದೆ, ಆದರೆ 88 ವ್ಯಾಟ್‌ನ ಚಿಪ್‌ಗೆ ಪಂಪು, ಕೊಳವೆ ಎಲ್ಲ ಯಾಕೆ?

ಮೇಜಿನ ಮೇಲೆ ಇಟ್ಟಾಗಿನ ನೋಟವನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ಟೆರಾದ ಅಗಲ 153 ಮಿ.ಮೀ., ಎನ್‌ಆರ್‌200ರದ್ದು 185. ಸಂಖ್ಯೆಯಲ್ಲಿ ಸಣ್ಣ ಅಂತರ, ಕಣ್ಣಿಗೆ ದೊಡ್ಡದು. ಟೆರಾ ಮಾನಿಟರ್‌ನ ಪಕ್ಕ ಒಂದು ವಸ್ತುವಾಗಿ ಒಪ್ಪುತ್ತದೆ. ಮುಂಭಾಗದ ಮರದ ಪಟ್ಟಿ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಎನ್‌ಆರ್‌200 ಎಷ್ಟೆಂದರೂ ಕಂಪ್ಯೂಟರ್ ಪೆಟ್ಟಿಗೆ. ಎರಡನ್ನೂ ಎತ್ತಿಕೊಂಡು ಬೇರೆಡೆಗೆ ಒಯ್ದಿದ್ದೇನೆ. ಟೆರಾ ಬೆನ್ನಿನ ಚೀಲದಲ್ಲಿ ಹೋಯಿತು, ಎನ್‌ಆರ್‌200ಕ್ಕೆ ಎರಡೂ ಕೈ ಬೇಕಾಯಿತು.

ನಾನು ಉಳಿಸಿಕೊಂಡದ್ದು ಟೆರಾ. ಎರಡು ಸ್ಲಾಟ್ ಕಾರ್ಡ್, 65 ವ್ಯಾಟ್ ವರ್ಗದ ಪ್ರೊಸೆಸರ್ ಎಂದು ಗಟ್ಟಿ ಮಾಡಿಕೊಂಡವರಿಗೆ ಅದರಲ್ಲಿ ಕಳೆದುಕೊಳ್ಳುವುದು ತೀರಾ ಕಡಿಮೆ. ಮೊದಲ ಸಲ ಕಟ್ಟುವವರಿಗೆ, ಇಡೀ ದಿನ ರೆಂಡರ್ ಅಥವಾ ಕಂಪೈಲ್ ಓಡಿಸುವವರಿಗೆ, ಮೂರು ಸ್ಲಾಟ್ ಕಾರ್ಡ್ ಈಗಾಗಲೇ ಕೈಯಲ್ಲಿರುವವರಿಗೆ ಎನ್‌ಆರ್‌200 ಎಂದೇ ಹೇಳುತ್ತೇನೆ. ಇನ್ನೂ ನಿರ್ಧಾರವಾಗಿಲ್ಲವೆಂದರೆ ಕಾರ್ಡಿನ ದಪ್ಪ ಎಷ್ಟೆಂದು ನೋಡಿ ಅದನ್ನು 120ರಿಂದ ಕಳೆಯಿರಿ. ಉಳಿದದ್ದು 65 ಮಿ.ಮೀ.ಗಿಂತ ಕಡಿಮೆಯಾದರೆ ಟೆರಾದ ಆಸೆ ಬಿಡಿ.