ಟೆನ್ಸ್ ಕಲಿಸುವ ಟೈಮ್‌ಲೈನ್ ಕಿಟ್: ಮೂರು ಬ್ಯಾಚ್ ಮುಗಿದ ಮೇಲೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಆ ಅರ್ಧ ಸ್ಟಾರ್ ಬಗ್ಗೆ ನನಗೇ ಅನುಮಾನ. ಕೆಲವು ಸಂಜೆ ಅದನ್ನು ವಾಪಸ್ ಕಿತ್ತುಕೊಳ್ಳೋಣ ಅನ್ನಿಸುತ್ತದೆ.

ನಾನು ತಿಪಟೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಸಂಜೆ ಐದಕ್ಕೆ ಎಸ್ಸೆಸ್ಸೆಲ್ಸಿ ಮಕ್ಕಳು, ಆಮೇಲೆ ಪಿಯುಸಿಯವರು, ಏಳೂವರೆಗೆ ಕೆಲಸ ಮುಗಿಸಿಕೊಂಡು ಬರುವ ದೊಡ್ಡವರು ಐದಾರು ಜನ. ಅವರಲ್ಲಿ ಒಬ್ಬರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಅವರ ಮಾತು ಆಮೇಲೆ ಬರುತ್ತದೆ. ಈ ಕಿಟ್ ಅನ್ನು 2022ರ ಜೂನ್‌ನಲ್ಲಿ ಆನ್‌ಲೈನ್‌ನಲ್ಲಿ ತರಿಸಿದೆ. ಆಗ 1,650 ರೂಪಾಯಿ. ಕಂಪನಿ ಹೆಸರು ಬರೆಯುವುದಿಲ್ಲ, ಇದೇ ಥರದ ಕಿಟ್‌ಗಳು ನಾಲ್ಕೈದು ಸಿಗುತ್ತವೆ, ನಾನು ಹೇಳುವುದರಲ್ಲಿ ಜಾಸ್ತಿ ಭಾಗ ಅವಕ್ಕೂ ಹೊಂದುತ್ತದೆ.

ಡಬ್ಬದಲ್ಲಿ ಏನಿರುತ್ತದೆ ಅಂದರೆ, ಗೋಡೆಗೆ ಹಾಕುವ ಆರು ಅಡಿ ಉದ್ದದ ಬ್ಯಾನರ್, ಅದರ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ, ಬಲ ತುದಿಯಲ್ಲಿ 'ಈಗ' ಅಂತ ತೋರಿಸುವ ಗುರುತು. ಹಿಂದೆ ತೆಳ್ಳಗಿನ ತಗಡಿನ ಪಟ್ಟಿ ಇದೆ, ಅದಕ್ಕೆ ಅಂಟುವ ಇಪ್ಪತ್ತು ಮ್ಯಾಗ್ನೆಟ್. 110 ವರ್ಬ್ ಕಾರ್ಡು. ನಲವತ್ತು ಪುಟದ ಒಂದು ಪುಸ್ತಿಕೆ. ಪ್ರತಿ ಕಾರ್ಡಿನ ಹಿಂದೆ ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ ಉಚ್ಚಾರಣೆ ಕೇಳಿಸಬೇಕು.

ಬ್ಯಾನರ್ ಚೆನ್ನಾಗಿದೆ. ನಿಜವಾಗಿ ಚೆನ್ನಾಗಿದೆ. ನಾನು ಹತ್ತು ವರ್ಷ ಕಪ್ಪು ಹಲಗೆ ಮೇಲೆ ಗೆರೆ ಎಳೆದು ಎಳೆದು ಅಳಿಸಿದವಳು. ಗೆರೆ ಗೋಡೆ ಮೇಲೆ ಖಾಯಂ ಆಗಿ ಇರುವುದಕ್ಕೂ ಹೇಳಿದ ತಕ್ಷಣ ಅಳಿಸಿಹೋಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮಕ್ಕಳು ಉತ್ತರ ಯೋಚಿಸುವಾಗ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ.

ಪಾಸ್ಟ್ ಪರ್ಫೆಕ್ಟ್, ಅಂದರೆ ಹಿಂದೆ ನಡೆದ ಒಂದು ಕೆಲಸಕ್ಕಿಂತ ಮೊದಲೇ ಇನ್ನೊಂದು ನಡೆದಿತ್ತು ಅಂತ ಹೇಳಲು ಹ್ಯಾಡ್ ಹಾಕುವ ರೂಪ. ನಮ್ಮಲ್ಲಿ ಅದಕ್ಕೆ ಎಲ್ಲರಿಗೂ ಗೊತ್ತಿರುವುದು ಒಂದೇ ವಾಕ್ಯ: ಡಾಕ್ಟರ್ ಬರುವ ಮುಂಚೆ ರೋಗಿ ಸತ್ತುಹೋಗಿದ್ದ. ಪಾಪ, ಆ ರೋಗಿ ಎಷ್ಟು ತಲೆಮಾರಿನಿಂದ ಸಾಯುತ್ತಲೇ ಇದ್ದಾನೋ. ಈ ಪುಸ್ತಿಕೆಯಲ್ಲೂ ಅವನೇ ಇದ್ದಾನೆ, ಏಳನೇ ಪುಟ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, 'ಬಿಫೋರ್ ಅಥವಾ ಆಫ್ಟರ್ ಬಂದರೆ ಮೊದಲು ನಡೆದ ಕೆಲಸಕ್ಕೆ ಹ್ಯಾಡ್ ಹಾಕಲೇಬೇಕು' ಅನ್ನುವ ಅರ್ಥದ ನಿಯಮ. ಹಾಕಲೇಬೇಕು ಅಂತೇನೂ ಇಲ್ಲ. ಬಿಫೋರ್ ಅನ್ನುವ ಪದವೇ ಯಾವುದು ಮೊದಲು ಅಂತ ಹೇಳಿಬಿಟ್ಟಿದೆ, ಅಲ್ವಾ? 'ದ ಪೇಷೆಂಟ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್' ಅಂದರೂ ರೋಗಿ ಸತ್ತಿದ್ದು ಮೊದಲೇ. ಹ್ಯಾಡ್ ಹಾಕಿದರೆ ತಪ್ಪಲ್ಲ, ಹಾಕದಿದ್ದರೂ ತಪ್ಪಲ್ಲ.

ಹ್ಯಾಡ್ ಇಲ್ಲದಿದ್ದರೆ ಅರ್ಥವೇ ಬದಲಾಗುವ ಜಾಗ ಬೇರೆ ಇದೆ, ವೆನ್ ಬಂದಾಗ. ನಮ್ಮೂರಲ್ಲಿ ರೈಲ್ವೆ ಸ್ಟೇಷನ್ ಇರುವುದರಿಂದ ನನಗೆ ರೋಗಿಯ ಸಹವಾಸ ಬೇಕಾಗಿಲ್ಲ. 'ನಾನು ಸ್ಟೇಷನ್ ತಲುಪಿದಾಗ ರೈಲು ಹೊರಟಿತು.' 'ನಾನು ಸ್ಟೇಷನ್ ತಲುಪಿದಾಗ ರೈಲು ಹೊರಟುಹೋಗಿತ್ತು.' ಮೊದಲನೆಯದರಲ್ಲಿ ಓಡಿದರೆ ಕೊನೆ ಬೋಗಿಯಾದರೂ ಸಿಕ್ಕೀತು. ಎರಡನೆಯದರಲ್ಲಿ ಪ್ಲಾಟ್‌ಫಾರ್ಮ್ ಖಾಲಿ. ಇಂಗ್ಲಿಷ್‌ನಲ್ಲಿ ಲೆಫ್ಟ್ ಮತ್ತು ಹ್ಯಾಡ್ ಲೆಫ್ಟ್, ಅಷ್ಟೇ ವ್ಯತ್ಯಾಸ. ಬ್ಯಾನರ್ ಮೇಲೆ ಎರಡು ಮ್ಯಾಗ್ನೆಟ್ ಇಟ್ಟು, ರೈಲಿನ ಮ್ಯಾಗ್ನೆಟ್ ಅನ್ನು ಒಂದು ಗೇಣು ಎಡಕ್ಕೆ ತಳ್ಳಿದರೆ ಹಿಂದಿನ ಬೆಂಚಿನವನಿಗೂ ಗೊತ್ತಾಗುತ್ತದೆ. ಇಷ್ಟಕ್ಕೇ ಕಿಟ್‌ಗೆ ಎರಡು ಸ್ಟಾರ್ ಕೊಟ್ಟಿದ್ದೇನೆ.

ಇನ್ನು ತಲೆನೋವಿನ ವಿಷಯ. ಈ ಕಿಟ್ ಮಾಡಿದವರು ಯಾರಿಗೆ ಮಾಡಿದ್ದಾರೋ ಗೊತ್ತಿಲ್ಲ, ಕನ್ನಡದವರಿಗಂತೂ ಅಲ್ಲ. ನಮ್ಮ ಹುಡುಗರಿಗೆ ಹ್ಯಾಡ್ ಬರುವುದಿಲ್ಲ ಅನ್ನುವುದು ಸಮಸ್ಯೆಯೇ ಅಲ್ಲ. ಅದು ಜಾಸ್ತಿ ಬರುತ್ತದೆ, ಅದೇ ಸಮಸ್ಯೆ.

ಮೊದಲ ಬ್ಯಾಚಿನಲ್ಲಿ ಒಬ್ಬಳು ಪಿಯುಸಿ ಹುಡುಗಿ ಇದ್ದಳು, ಚುರುಕು. ಒಂದು ದಿನ ಯಾಕಮ್ಮ ನಿನ್ನೆ ಬರಲಿಲ್ಲ ಅಂತ ಕೇಳಿದೆ. ಇಂಗ್ಲಿಷ್‌ನಲ್ಲೇ ಉತ್ತರ ಕೊಟ್ಟಳು: 'ಮಿಸ್, ಐ ಹ್ಯಾಡ್ ಗಾನ್ ಟು ತುಮಕೂರು ಯೆಸ್ಟರ್ಡೇ.' ನಾನು ಬ್ಯಾನರ್ ಮೇಲೆ 'ಗಾನ್' ಕಾರ್ಡ್ ಇಟ್ಟು ಅದರ ಬಲಕ್ಕೆ ಬೆರಳು ತೋರಿಸಿ, 'ಸರಿ, ಇಲ್ಲೇನಾಯಿತು?' ಅಂದೆ. ಅವಳು ಗೆರೆಯನ್ನೇ ನೋಡಿದಳು. 'ಏನೂ ಆಗಲಿಲ್ಲ ಮಿಸ್. ಹೋಗಿದ್ದೆ, ಬಂದೆ.'

ಅವಳ ಬಾಯಲ್ಲೇ ಕಾರಣ ಬಂತು. ಹೋಗಿದ್ದೆ! ಕನ್ನಡದಲ್ಲಿ ಯಾರಾದರೂ 'ನಿನ್ನೆ ಎಲ್ಲಿಗೆ ಹೋಗಿದ್ದೆ?' ಅಂತ ಕೇಳುತ್ತಾರೆ. 'ತುಮಕೂರಿಗೆ ಹೋಗಿದ್ದೆ' ಅಂತ ಉತ್ತರ. ಹೋಗಿ ವಾಪಸ್ ಬಂದೂ ಆಗಿದೆ, ಈಗ ಇಲ್ಲಿದ್ದೇನೆ, ಅಷ್ಟೂ ಆ ಒಂದು 'ಇದ್ದೆ'ಯಲ್ಲಿ ಇದೆ. ಅದಕ್ಕೆ ಇನ್ನೊಂದು ಘಟನೆ ಜೊತೆಗೆ ಬೇಕಾಗಿಲ್ಲ. ಇಂಗ್ಲಿಷ್‌ನಲ್ಲಿ ಅದಕ್ಕೆ ಸುಮ್ನೆ ವೆಂಟ್ ಸಾಕು. ಆದರೆ ಶಾಲೆಯಲ್ಲಿ ಹೋದೆ ಅಂದರೆ ವೆಂಟ್, ಹೋಗಿದ್ದೆ ಅಂದರೆ ಹ್ಯಾಡ್ ಗಾನ್ ಅಂತ ಪಟ್ಟಿ ಬರೆಸಿರುತ್ತಾರೆ, ಮಕ್ಕಳು ಪಟ್ಟಿ ಪ್ರಕಾರ ಸರಿಯಾಗೇ ಹೇಳುತ್ತಾರೆ. ಪಟ್ಟಿಯೇ ಅರ್ಧ ಸುಳ್ಳು. 'ರೈಲು ಹೊರಟುಹೋಗಿತ್ತು' ಅನ್ನುವ ಕಡೆ ನಮ್ಮ 'ಇತ್ತು'ಗೂ ಅವರ ಹ್ಯಾಡ್‌ಗೂ ಸರಿಹೋಗುತ್ತದೆ, 'ನಿನ್ನೆ ಹೋಗಿದ್ದೆ'ಯಲ್ಲಿ ಸರಿಹೋಗುವುದಿಲ್ಲ.

ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಕೆಟ್ಟದ್ದು ಏನೆಂದರೆ, ಅದರ ಅಭ್ಯಾಸಗಳೆಲ್ಲ ಹ್ಯಾಡ್ ಹಾಕುವುದಕ್ಕೇ ಇವೆ, ತೆಗೆಯುವುದಕ್ಕೆ ಒಂದೂ ಇಲ್ಲ. ಅದನ್ನು ಎರಡು ವಾರ ಮಾಡಿಸಿದೆ ನೋಡಿ, ನನ್ನ ಇಡೀ ಬ್ಯಾಚ್ ಕತೆ ಬರೆಯುವಾಗ ಹ್ಯಾಡ್ ಈಟನ್, ಹ್ಯಾಡ್ ವಾಷ್ಡ್, ಹ್ಯಾಡ್ ಟೇಕನ್ ದ ಬಸ್ ಅಂತ ಸಾಲು ಹಚ್ಚಿತು. ಊಟ ಮಾಡಿ, ಕೈ ತೊಳೆದು, ಬಸ್ ಹತ್ತಿದ ಅನ್ನುವುದಕ್ಕೆ ನಾವು ಕನ್ನಡದಲ್ಲಿ ಒಂದು ಇದ್ದನನ್ನೂ ಹಾಕುವುದಿಲ್ಲ, ಅಲ್ವಾ? ಈಗ ನಾನು ಪುಸ್ತಿಕೆ ಪಕ್ಕಕ್ಕಿಟ್ಟು ಹೀಗೆ ಹೇಳುತ್ತೇನೆ: ಕತೆ ನಡೆದ ಹಾಗೇ ಮುಂದಕ್ಕೆ ಹೋಗುತ್ತಿದ್ದರೆ ವೆಂಟ್, ಏಟ್, ಸಾ. ನಡುವೆ ನಿಂತು ಹಿಂದಕ್ಕೆ ತಿರುಗಿ ನೋಡಿದರೆ ಮಾತ್ರ ಹ್ಯಾಡ್. ಮ್ಯಾಗ್ನೆಟ್ ಬಲಕ್ಕೇ ಹೋಗುತ್ತಿದೆಯಾ, ಎಡಕ್ಕೆ ಹಾರಿತಾ, ಅದೊಂದು ನೋಡಿಕೊಳ್ಳಿ. ಇದಕ್ಕೆ ಬ್ಯಾನರ್ ಬಹಳ ಅನುಕೂಲ ಅಂತ ಒಪ್ಪಿಕೊಳ್ಳಲೇಬೇಕು.

ಎರಡನೇ ಬ್ಯಾಚಿನಿಂದ ಖಾಲಿ ಕಾರ್ಡ್ ಕೊಂಡು ಕನ್ನಡದ ಕಾರ್ಡ್ ನಾನೇ ಬರೆದೆ. ಅದರಲ್ಲಿ ಎರಡನ್ನು ಇಲ್ಲಿ ಹೇಳಿಬಿಡುತ್ತೇನೆ, ಬೇಕಾದವರು ಬಳಸಿಕೊಳ್ಳಿ.

ಒಂದು, 'ಡಿಡ್ ನಾಟ್ ವೆಂಟ್' ಕಾಯಿಲೆಗೆ. ಎಷ್ಟು ಸಲ ತಿದ್ದಿದರೂ ಹೋಗದ ತಪ್ಪು ಇದು. ನಾನು ಕೇಳುವುದು ಇಷ್ಟೇ: 'ಹೋದ'ಕ್ಕೆ ಇಲ್ಲ ಸೇರಿಸಿ ಹೇಳಿ. 'ಹೋಗಲಿಲ್ಲ' ಅನ್ನುತ್ತಾರೆ. 'ಹೋದಲಿಲ್ಲ' ಅಂತ ಯಾಕೆ ಅನ್ನಲಿಲ್ಲ? ಮಕ್ಕಳು ನಗುತ್ತಾರೆ. ಬಂದ, ಬರಲಿಲ್ಲ. ತಿಂದ, ತಿನ್ನಲಿಲ್ಲ. ಇಲ್ಲ ಬಂದ ಕೂಡಲೇ ನಮ್ಮ ಕ್ರಿಯಾಪದವೂ ಭೂತಕಾಲ ಬಿಟ್ಟು ಮೂಲ ರೂಪಕ್ಕೆ ವಾಪಸ್ ಹೋಗುತ್ತದೆ. ಡಿಡ್ ನಾಟ್ ಬಂದಾಗ ವೆಂಟ್ ಹೋಗಿ ಗೋ ಆಗುವುದೂ ಹಾಗೇ. ಕಾರ್ಡಿನ ಮೇಲೆ ದೊಡ್ಡದಾಗಿ 'ಹೋದಲಿಲ್ಲ' ಅಂತ ಬರೆದು ಅಡ್ಡ ಗೆರೆ ಹೊಡೆದಿದ್ದೇನೆ. ಈಗ ಯಾರಾದರೂ ಡಿಡ್ ನಾಟ್ ವೆಂಟ್ ಅಂದರೆ ಉಳಿದವರೇ 'ಹೋದಲಿಲ್ಲ' ಅಂತ ಕೂಗುತ್ತಾರೆ, ನಾನು ಬಾಯಿ ಬಿಡಬೇಕಾಗಿಲ್ಲ.

ಎರಡು, 'ಹ್ಯಾಡ್ ಹ್ಯಾಡ್'. ಇದನ್ನು ನೋಡಿದರೆ ದೊಡ್ಡವರೂ ಪ್ರಿಂಟ್ ತಪ್ಪು ಅಂದುಕೊಳ್ಳುತ್ತಾರೆ. ಮಂಡಿಯಲ್ಲಿ ಲೆಕ್ಕ ಬರೆಯುವವರು ಅಂದೆನಲ್ಲ, ಅವರು ಒಂದು ಸಂಜೆ ಇದರ ಮೇಲೆ ಜಗಳಕ್ಕೇ ನಿಂತರು. 'ಮೇಡಂ, ಒಂದೇ ಪದ ಎರಡು ಸಲ ಯಾರು ಹೇಳುತ್ತಾರೆ?' ನಾನು ಕೇಳಿದೆ, 'ಹೋದ ವರ್ಷ ಕೈಯಲ್ಲಿ ದುಡ್ಡು ಇದ್ದಿದ್ದರೆ ಏನು ಮಾಡುತ್ತಿದ್ದಿರಿ?' 'ಇದ್ದಿದ್ದರೆ ಸೈಟ್ ತೆಗೆದುಕೊಂಡುಬಿಡುತ್ತಿದ್ದೆ' ಅಂದರು. 'ನೀವು ಈಗ ಇದ್ದನ್ನು ಎರಡು ಸಲ ಹೇಳಿದಿರಿ.' ಅವರು ಬೆರಳು ಮಡಚಿಕೊಂಡು ಇದ್, ದಿದ್ದರೆ ಅಂತ ಮೆಲ್ಲಗೆ ಲೆಕ್ಕ ಹಾಕಿದರು, ಆಮೇಲೆ ನೋಟ್‌ಬುಕ್‌ನಲ್ಲಿ ಬರೆದುಕೊಂಡರು: ಇಫ್ ಐ ಹ್ಯಾಡ್ ಹ್ಯಾಡ್ ಮನಿ. ಅಕ್ಷರಶಃ ಒಂದಕ್ಕೊಂದು ಹೊಂದುತ್ತದೆ ಅಂತ ವ್ಯಾಕರಣದವರು ಒಪ್ಪುತ್ತಾರೋ ಇಲ್ಲವೋ, ನನ್ನ ಕ್ಲಾಸಿನಲ್ಲಿ ಕೆಲಸ ಮಾಡುತ್ತದೆ.

ವರ್ಬ್ ಕಾರ್ಡುಗಳ ವಿಷಯಕ್ಕೆ ಬರೋಣ. 110ರಲ್ಲಿ ಅರ್ಧಕ್ಕಿಂತ ಜಾಸ್ತಿ ಇರ್ರೆಗ್ಯುಲರ್ ವರ್ಬ್‌ಗಳು, ಆಯ್ಕೆ ಒಳ್ಳೆಯದೇ. ಮಕ್ಕಳು ಇಂಗ್ಲಿಷ್‌ಗೆ ತಲೆ ಸರಿ ಇಲ್ಲ, ಗೋಗೆ ವೆಂಟ್ ಯಾಕೆ ಅಂತ ಬೈಯುತ್ತಾರೆ. ಮಾಡು ಮಾಡಿದ ಆದರೆ ಕೊಡು ಯಾಕೆ ಕೊಟ್ಟ, ಬೀಳು ಯಾಕೆ ಬಿದ್ದ, ಸಾಯು ಯಾಕೆ ಸತ್ತ ಅಂತ ನಾನು ಕೇಳಿದರೆ ಸುಮ್ಮನಾಗುತ್ತಾರೆ. ನಮ್ಮ ಮನೆಯ ಚಿಕ್ಕದು ಮೊನ್ನೆವರೆಗೂ 'ಅಜ್ಜಿಗೆ ಕೊಡಿದೆ' ಅನ್ನುತ್ತಿತ್ತು.

ಆದರೆ ಒಂದು ಕಾರ್ಡ್ ತಪ್ಪು. ಮಲಗುವ ಚಿತ್ರ ಹಾಕಿ ಲೈ, ಲೇಡ್, ಲೇಡ್ ಅಂತ ಮುದ್ರಿಸಿದ್ದಾರೆ. ಮಲಗುವುದಕ್ಕೆ ಲೈ, ಲೇ, ಲೇನ್. ಏನನ್ನಾದರೂ ಇಡುವುದಕ್ಕೆ ಲೇ, ಲೇಡ್, ಲೇಡ್. ಸುಳ್ಳು ಹೇಳುವುದಕ್ಕೆ ಲೈ, ಲೈಡ್, ಲೈಡ್. ಇದು ದೊಡ್ಡವರೂ ಎಡವುವ ಜಾಗ, ನಿಜ. ಆದರೆ ದುಡ್ಡು ತೆಗೆದುಕೊಂಡು ಮಾರುವ ಕಾರ್ಡಿನಲ್ಲಿ ಎಡವಬಾರದು. ಎರಡು ಸಲ ಮೇಲ್ ಹಾಕಿದೆ. ಉತ್ತರ ಬಂತು, ಧನ್ಯವಾದ ಬಂತು, ಕಾರ್ಡ್ ಬರಲಿಲ್ಲ.

ಉಚ್ಚಾರಣೆಯ ಕ್ಯೂಆರ್ ಕೋಡ್ ಮೊದಲ ಎರಡು ವರ್ಷ ಚೆನ್ನಾಗಿತ್ತು. ನಮ್ಮ ಕಡೆ ವಾಕೆಡ್, ಕುಕೆಡ್, ಲುಕೆಡ್ ಅಂತ ಪದದ ಕೊನೆಗೆ 'ed' ಬಂದ ಕಡೆಯೆಲ್ಲ ಎಡ್ ಅನ್ನುವ ಅಭ್ಯಾಸ. ವಾಕ್ಟ್, ಪ್ಲೇಡ್ ಅನ್ನಬೇಕು, ಮೂಲ ಪದ ಟ್ ಅಥವಾ ಡ್ ಶಬ್ದದಲ್ಲಿ ಮುಗಿದಾಗ ಮಾತ್ರ ವಾಂಟೆಡ್, ನೀಡೆಡ್ ಅಂತ ಇನ್ನೊಂದು ಉಚ್ಚಾರ ಸೇರುತ್ತದೆ. ರೀಡ್ ಕಾರ್ಡ್‌ನಲ್ಲಿ ಮೂರೂ ಕಡೆ ಒಂದೇ ಸ್ಪೆಲಿಂಗ್, ಓದುವುದು ಮಾತ್ರ ರೀಡ್, ರೆಡ್, ರೆಡ್. ಇಂಥವನ್ನು ಮಕ್ಕಳು ಫೋನ್‌ನಲ್ಲಿ ಕೇಳಿ ಕೇಳಿ ಸರಿಮಾಡಿಕೊಂಡರು. ಮೂರನೇ ವರ್ಷ ಒಂದು ದಿನ ಸ್ಕ್ಯಾನ್ ಮಾಡಿದರೆ ಪುಟವೇ ಇಲ್ಲ. ಇವತ್ತಿಗೂ ಇಲ್ಲ. ಡಬ್ಬದ ಮೇಲೆ 'ಲೈಫ್‌ಟೈಮ್ ಆಡಿಯೋ' ಅಂತ ಹಾಕಿದ್ದರು, ಯಾರ ಲೈಫ್ ಅಂತ ಹೇಳಿರಲಿಲ್ಲ.

ಬಾಳಿಕೆ: ಬ್ಯಾನರ್ ಗಟ್ಟಿ, ಒಂದು ಮಳೆಗಾಲ ಗೋಡೆ ತೇವಕ್ಕೆ ಅಂಚು ಸ್ವಲ್ಪ ಮೇಲೆದ್ದಿತ್ತು, ಅಷ್ಟೇ. ಕಾರ್ಡಿನ ಲ್ಯಾಮಿನೇಷನ್ ಒಂದೇ ವರ್ಷಕ್ಕೆ ಬಿಟ್ಟುಕೊಂಡಿತು. ಮ್ಯಾಗ್ನೆಟ್ ಮಾತ್ರ ತೀರಾ ಕಳಪೆ, ಎರಡು ಕಾರ್ಡ್ ಒಟ್ಟಿಗೆ ಹಿಡಿಯುವುದಿಲ್ಲ, ಜಾರಿ ಬೀಳುತ್ತವೆ. ಈಗ ಬಟ್ಟೆ ಒಣಗಿಸುವ ಕ್ಲಿಪ್ಪು ಮತ್ತು ಒಂದು ದಾರ ಇಟ್ಟುಕೊಂಡಿದ್ದೇನೆ.

ಹಾಗಾದರೆ ಯಾರು ತೆಗೆದುಕೊಳ್ಳಬೇಕು? ಹತ್ತು ಜನಕ್ಕಿಂತ ಜಾಸ್ತಿ ಇರುವ ಕ್ಲಾಸ್ ಮಾಡುವವರು, ಪುಸ್ತಿಕೆಯನ್ನು ನಂಬದೆ ಬ್ಯಾನರ್ ಅನ್ನು ಮಾತ್ರ ನಂಬುವವರು, ತೆಗೆದುಕೊಳ್ಳಿ. ಮನೆಯಲ್ಲಿ ಒಂದು ಮಗುವಿಗೆ ಹೇಳಿಕೊಡುವುದಾದರೆ ಬೇಡ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮಗುವನ್ನೇ ಎಡಕ್ಕೂ ಬಲಕ್ಕೂ ಕುಣಿಸಿ, ಅದೇ ಸಾಕು. ತಾನೇ ಓದಿ ಕಲಿಯುತ್ತೇನೆ ಅನ್ನುವವರಿಗಂತೂ ಖಂಡಿತ ಬೇಡ. ಹೇಳಿಕೊಡುವವರು ಪಕ್ಕದಲ್ಲಿಲ್ಲದಿದ್ದರೆ ಆ ಹ್ಯಾಡ್ ಅಂಟಿಕೊಂಡರೆ ಮತ್ತೆ ಬಿಡುವುದಿಲ್ಲ.

ಈಗ ಬೆಲೆ 2,100 ಆಗಿದೆ. ಬ್ಯಾನರ್ ಒಂದನ್ನೇ ಬಿಡಿಯಾಗಿ ಕೊಡುತ್ತೀರಾ ಅಂತ ಕೇಳಿದೆ, ಕೊಡುವುದಿಲ್ಲ ಅಂದರು. ಅದಕ್ಕೆ ಹೋದ ತಿಂಗಳು ನಮ್ಮೂರ ಫ್ಲೆಕ್ಸ್ ಅಂಗಡಿಯಲ್ಲಿ ನನ್ನದೇ ಒಂದು ಮಾಡಿಸಿದೆ, ಗೆರೆ ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ, ಎಂಟು ಅಡಿ. ಗೋಡೆಗೆ ಹಾಕಿದ ಮೇಲೆ ನೋಡಿದರೆ ಪರ್ಫೆಕ್ಟ್ ಅನ್ನುವ ಪದದಲ್ಲೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಂಗಡಿಯವನನ್ನು ಬೈಯೋಣ ಅಂತ ಹೊರಟೆ, ಆಮೇಲೆ ವಾಟ್ಸ್ಯಾಪ್ ತೆರೆದು ನೋಡಿದರೆ ನಾನು ಕಳಿಸಿದ್ದೇ ಹಾಗೆ.